ಎರಡನೇ ಪಂಜರದ ಇಲಿಗಳು

ಕಟ್ಟಾಯದ ಚೆಲುವಯ್ಯ ಹಾಸನದ ಔಷಧ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಪ್ರಯೋಗದ ಇಲಿಗಳನ್ನು ಸಾಕುತ್ತಿದ್ದ. ಊರಿನವರೆಲ್ಲ ಇಲಿಗೆ ಬೋನು ಇಡುವವರು. ಇವನೊಬ್ಬ ಇಲಿಗೆ ನೀರಿಟ್ಟು, ಹೊಟ್ಟು ಹಾಸಿ ಸಂಬಳ ತರುವವನು. ನಗುವವರು ನಕ್ಕರು. ಊರ ಬಾಯಿಗೆ ಮುಚ್ಚಳ ಉಂಟೇ ಎಂದು ಅವನು ತನ್ನ ಪಾಡಿಗೆ ಕೆಲಸಕ್ಕೆ ಹೋಗುತ್ತಿದ್ದ.

2007ರಲ್ಲಿ ಹೊಳೆನರಸೀಪುರದ ರಂಜನಿ ಅಲ್ಲಿಗೆ ಸಂಶೋಧನೆಗೆಂದು ಬಂದಳು. ಅರಿಶಿನದಲ್ಲಿರುವ ಆಂಟಿಆಕ್ಸಿಡೆಂಟ್ ಸತ್ವವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳಾಗಿ ಮಾಡಿ ಕೊಟ್ಟರೆ, ವಿಷದ ಹೊಡೆತದಿಂದ ಯಕೃತ್ತು ಉಳಿದೀತೇ ಎಂಬುದು ಅವಳ ಪ್ರಶ್ನೆ. ಕಣ ಮಾಡುವುದಕ್ಕೇ ಎರಡು ವರ್ಷ ಹಿಡಿಯಿತು. ಆಮೇಲೆ ಇಲಿಗಳನ್ನು ಮೂರು ಪಂಜರಗಳಿಗೆ ಹಂಚಿದಳು. ಮೊದಲನೆಯದಕ್ಕೆ ಆಹಾರ ಮಾತ್ರ. ಎರಡನೆಯದಕ್ಕೆ ವಿಷ. ಮೂರನೆಯದಕ್ಕೆ ವಿಷವೂ ಉಂಟು, ಔಷಧವೂ ಉಂಟು.

ಇದನ್ನು ನೋಡಿ ಚೆಲುವಯ್ಯನಿಗೆ ಅನ್ನ ಸೇರಲಿಲ್ಲ. ಒಂದೇ ಮನೆಯಲ್ಲಿ ಪಂಕ್ತಿಭೇದ ಮಾಡುವುದು ಯಾವ ಧರ್ಮ? ಕಡೆಗೆ ಎಲ್ಲ ಇಲಿಗಳ ಗತಿಯೂ ಒಂದೇ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಇರುವಷ್ಟು ದಿನ ನೋಯಬಾರದಲ್ಲ. ಹೆಂಡತಿ ಬೀರಮ್ಮನಿಗೆ ಕಾಮಾಲೆ ಬಂದಾಗ ನೆಲನೆಲ್ಲಿ ಅರೆದು ಕುಡಿಸಿದ್ದ; ಅವಳು ಉಳಿದಿದ್ದಳು. ಬದುವಿನ ಮೇಲೆ ಆ ಸೊಪ್ಪಿಗೇನು ಬರವೇ? ದಿನಾ ಒಂದು ಹಿಡಿ ಕಿತ್ತು ತಂದು, ಯಾರೂ ಬರುವ ಮೊದಲೇ ಎರಡನೇ ಪಂಜರಕ್ಕೆ ಹಾಕಿದ.

ರಕ್ತಪರೀಕ್ಷೆ ಮಾಡಿದಾಗ ಎರಡನೇ ಪಂಜರದವೂ ಮೂರನೆಯದರಷ್ಟೇ ಚೆನ್ನಾಗಿದ್ದವು. ಔಷಧವಿಲ್ಲದೆಯೂ ಇಷ್ಟು ಚೆನ್ನಾಗಿರುವುದಾದರೆ ಔಷಧವೇಕೆ? ಈ ವಿಷಯ ಕೈಬಿಡಮ್ಮ ಎಂದರು ಅವಳ ಮಾರ್ಗದರ್ಶಕರು. ರಂಜನಿ ಪಂಜರಗಳ ಮುಂದೆ ಸ್ಟೂಲಿನ ಮೇಲೆ ಕೂತು ಅತ್ತಳು.

ಬಾಯಿಬಿಟ್ಟರೆ ತನ್ನ ಕೆಲಸ ಹೋಗುತ್ತದೆ, ಬಿಡದಿದ್ದರೆ ಈ ಹುಡುಗಿಯ ಓದು. ಚೆಲುವಯ್ಯನಿಗೆ ಹೆದರಿಕೆಯಾಯಿತು. ಆದರೂ ಹೇಳಿದ.

"ನಿಮ್ ಔಸ್ದಿ ಕೆಟ್ಟದ್ದಲ್ಲ ಕಣವ್ವ. ಎಲ್ಡನೇ ಗೂಡ್ನವಕ್ಕೆ ನಾನೇ ನೆಲನೆಲ್ಲಿ ಸೊಪ್ಪು ತಿನ್ನಿಸ್ಬುಟ್ಟೆ."

"ಯಾಕೆ ಹೀಗೆ ಮಾಡಿದ್ರಿ ಚೆಲುವಯ್ಯ?"

"ಅವಕ್ಕೆ ಯಾರೂ ಏನೂ ಕೊಡ್ನಿಲ್ವಲ್ಲವ್ವ."

ರಂಜನಿಗೆ ಸಿಟ್ಟು ಬಂದಿತ್ತು, ಆದರೂ ಬೈಯಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು: "ಇವು ಎಷ್ಟು ನೋಯ್ತವೆ ಅಂತ ಗೊತ್ತಾದ್ರೇನೆ ಔಷಧಿ ಎಷ್ಟು ಕಾಪಾಡ್ತು ಅಂತ ಗೊತ್ತಾಗೋದು. ಎರಡನೇ ಪಂಜರ ಇಲ್ದಿದ್ರೆ ಮೂರನೇದನ್ನ ಯಾರೂ ನಂಬಲ್ಲ."

ಅವಳು ನಡೆದದ್ದನ್ನೆಲ್ಲ ಮಾರ್ಗದರ್ಶಕರಿಗೆ ಬರೆದುಕೊಟ್ಟು, ಇನ್ನೊಂದು ಅವಕಾಶ ಕೇಳಿದಳು. ಚೆಲುವಯ್ಯನನ್ನು ತೆಗೆಯಬಾರದು ಎಂದೂ ಹಟ ಹಿಡಿದಳು. ಎರಡೂ ನಡೆದವು. ಹೊಸ ಇಲಿಗಳು ಬಂದು, ಎರಡು ವಾರದಲ್ಲಿ ಚೆಲುವಯ್ಯನಿಗೆ ಒಗ್ಗಿಕೊಂಡವು.

ವಿಷ ಕೊಡುವ ದಿನ ರಂಜನಿ, "ನೀವು ಆಚೆ ಇರಿ. ನಾನೇ ಹಿಡ್ಕೋತೀನಿ," ಎಂದಳು.

"ಬ್ಯಾಡ ಕಣವ್ವ. ಒಸ ಕೈಯಾದ್ರೆ ಎದ್ರುಕೊತವೆ."

ಎರಡನೇ ಪಂಜರದ ಆರು ಇಲಿಗಳನ್ನೂ ಒಂದೊಂದಾಗಿ ಎತ್ತಿಕೊಂಡ. ಪ್ರತಿಯೊಂದರ ಬೆನ್ನನ್ನೂ ಅದು ಸುಮ್ಮನಾಗುವವರೆಗೆ ಸವರಿ, ಅವಳ ಮುಂದೆ ಹಿಡಿದ.