ಕೇಳಿಸಿದ್ದು ನಿಜ, ಅಜ್ಜಾ

ಕಿವಿ ಪರೀಕ್ಷೆ ಮಾಡುವ ಅಂಗಡಿಯ ಕೌಂಟರಿನ ಮೇಲೆ ಗಾಜಿನ ಬಟ್ಟಲು ತುಂಬ ಡ್ರಾಪ್ ಇಟ್ಟಿದ್ದರು. ಜ್ಯೇಷ್ಠಮಧುವಿಗೆ ಉಪ್ಪು ಬೆರೆಸಿ ಮಾಡುವ ಕಪ್ಪು ಮಿಠಾಯಿ ಅದು; ಈ ಡಚ್ಚರ ದೇಶದಲ್ಲಿ ಜನ ಹೊತ್ತುಗೊತ್ತಿಲ್ಲದೆ ಬಾಯಾಡಿಸುತ್ತಿರುತ್ತಾರೆ. ಸರದಿಗೆ ಕಾಯುತ್ತ ಕೂತಿದ್ದವಳಿಗೆ ಅದರ ವಾಸನೆ ಬಂತು... ಮಲಗಲು, ಅಡುಗೆಗೆ ಜಾಗವಿರುವ ಹಳೆಯ ಕ್ಯಾಂಪರ್ ವ್ಯಾನೊಂದರ ಒಳಗೆ ಕೂತ ಹಾಗಾಯಿತು. ಡೀಸೆಲ್ಲು, ಗ್ಯಾಸ್ ಒಲೆ, ಬಿಸಿಲಿಗೆ ಕಾದ ಕಿಟಕಿಯ ಪರದೆ, ಎಲ್ಲದರ ಮೇಲೂ ಇದೇ ವಾಸನೆ. ಕೆಳಗಿನ ಮನೆ ಅಜ್ಜ ನೆನಪಾದರು.

ತೊಂಬತ್ತರ ದಶಕದ ಕೊನೆ. ಮದುವೆಯಾಗಿ ಮೈಸೂರಿನಿಂದ ಆಮ್ಸ್ಟೆಲ್‌ವೀನ್‌ಗೆ ಬಂದು ಒಂದು ಚಳಿಗಾಲ ಕಳೆದಿದ್ದೆ. ನನ್ನ ಯಜಮಾನರು ಬೆಳಿಗ್ಗೆ ಟ್ರಾಮ್ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಕೆಳಗಿನ ಮನೆಯಲ್ಲಿ ಅಜ್ಜನೂ ಒಬ್ಬರೇ. ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಎದುರಾದಾಗ ಇಂಗ್ಲಿಷಿನಲ್ಲಿ ಹವಾಮಾನದ ಮಾತಾಡುತ್ತಿದ್ದೆವು, ಅಷ್ಟೆ.

ಒಂದು ದಿನ ಅವರು ಗಿಡಗಳಿಗೆ ನೀರು ಹಾಕುತ್ತಿದ್ದಾಗ ಸುಮ್ಮನೆ ಕೇಳಿದೆ. "ಆ ಪೈನ್ ಮರದಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣಗೆ ಕೂಗುತ್ತಲ್ಲ, ಅದು ಯಾವ ಹಕ್ಕಿ?"

ಅಜ್ಜ ನೀರಿನ ಕ್ಯಾನ್ ಕೆಳಗಿಟ್ಟರು. "ನಿನಗೆ ಅದು ಕೇಳಿಸುತ್ತಾ?"

ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ಸಣ್ಣ, ಎತ್ತರದ ದನಿಗಳಂತೆ. ಬೆರಳುದ್ದದ ಆ ಹಕ್ಕಿ ಬರುವುದನ್ನೇ ಬಿಟ್ಟಿದೆ ಎಂದು ಅವರು ತಿಳಿದಿದ್ದರು. ಅದು ಅವರ ಕಿಟಕಿಯ ಮುಂದೆಯೇ ದಿನವೂ ಕೂಗುತ್ತಿತ್ತು.

ಆಮೇಲೆ ಅವರ ವಿಷಯ ಒಂದೊಂದಾಗಿ ತಿಳಿಯಿತು. ಪ್ರತಿ ವಸಂತದಲ್ಲೂ ಗಂಡ ಹೆಂಡತಿ ಕ್ಯಾಂಪರ್ ಹತ್ತಿ ಕೋಟ್ವೈಕ್ ಹತ್ತಿರದ ಮರಳುಗಾಡಿಗೆ ಹೋಗುತ್ತಿದ್ದರು. ಬಟಾಬಯಲು ಮರಳಿನಲ್ಲಿ ಮಾತ್ರ ಗೂಡು ಕಟ್ಟುವ, ಮರಳಿನದೇ ಬಣ್ಣದ ಪುಟ್ಟ ಹಕ್ಕಿಯೊಂದು ಅಲ್ಲಿತ್ತು. ಮರಳಿನ ಮೇಲೆ ಹುಲ್ಲು, ಪೈನ್ ಹಬ್ಬುತ್ತಿದ್ದಂತೆ ಅದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಕಣ್ಣಿಗೆ ಬೀಳುವುದು ಅಪರೂಪ. ದನಿಯಿಂದಲೇ ಇದೆ ಅಂತ ಗೊತ್ತಾಗಬೇಕು. ಕೊನೆಕೊನೆಗೆ ಹೆಂಡತಿಯೇ ಅವರ ಕಿವಿಯಾಗಿದ್ದರು. ಈಗ ಅದು ಉಳಿದಿದೆಯೋ ಇಲ್ಲವೋ ತಿಳಿಯುವ ದಾರಿ ಅವರಿಗಿರಲಿಲ್ಲ. ಬೇಸಿಗೆ ಕಳೆದರೆ ಕ್ಯಾಂಪರ್ ಮಾರುವುದೆಂದು ಮಗಳ ಹತ್ತಿರ ಮಾತಾಗಿತ್ತು. ಅದಕ್ಕೂ ಮೊದಲು ಒಂದು ಸಲ...

"ನೀವಿಬ್ಬರೂ ಬರುತ್ತೀರಾ?" ಎಂದು ಕೇಳಿದರು.

ಹೊರಡುವ ಮುಂಚಿನ ವಾರವೆಲ್ಲ ಸಂಜೆ ಅವರ ಮನೆಯಲ್ಲಿ ಕೂತು ಆ ಹಕ್ಕಿಯ ಕೂಗಿನ ಕ್ಯಾಸೆಟ್ ಕೇಳಿದೆ. ಚಿರ್-ಲೀ, ಚಿರ್-ಲೀ ಎಂದು ನಿಧಾನವಾಗಿ ತೂಗುವ ದನಿ. ಅದು ಬಂದಾಗಲೆಲ್ಲ ಅಜ್ಜ ಟೇಪ್ ರೆಕಾರ್ಡರನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

ಶನಿವಾರ ಹೊರಟೆವು. ಹೆದ್ದಾರಿ ಬಿಟ್ಟು ಊರೂರಿನ ಒಳಗೆ ನುಗ್ಗಿ ಹೋಗುವುದು ಅಜ್ಜನ ಅಭ್ಯಾಸ. ಚರ್ಚಿನ ಮುಂದೆ ಸಂತೆ ಕಂಡರೆ ಗಾಡಿ ನಿಲ್ಲಿಸುತ್ತಿದ್ದರು. ಒಂದು ಊರಲ್ಲಿ ಚೀಸ್, ಇನ್ನೊಂದರಲ್ಲಿ ಮಜ್ಜಿಗೆ. ಗಾಡಿ ಹೊರಟರೆ ಡ್ರಾಪಿನ ಪೊಟ್ಟಣ ನನ್ನ ಕಡೆ ಬರುತ್ತಿತ್ತು. ಬಾಯಿಗಿಟ್ಟರೆ ವಾಕರಿಕೆ.

"ಬೇಡ ಅನ್ಬೇಡ ಕಣೇ, ಪಾಪ ಬೇಜಾರ್ ಮಾಡ್ಕೋತಾರೆ," ಎಂದು ನನ್ನವರು ಹಿಂದಿನ ಸೀಟಿನಿಂದ ಕನ್ನಡದಲ್ಲಿ ಪಿಸುಗುಟ್ಟಿದರು.

"ಹಾಗಾದ್ರೆ ನೀವೇ ತಿನ್ನಿ."

"ನಂಗೆ ಹಲ್ಲು ನೋವು ಅಂತ ಆಗ್ಲೇ ಹೇಳ್ಬಿಟ್ಟಿದೀನಿ!"

ರುಚಿಯಾಗಿದೆ ಅನ್ನಲು ನನಗೆ ಬರುತ್ತಿದ್ದ ಡಚ್ ಪದ ಒಂದೇ, ಲೆಕ್ಕರ್. ಪ್ರತಿ ಸಲವೂ "ಲೆಕ್ಕರ್" ಎಂದು ನಕ್ಕು, ಕಿಟಕಿಯ ಕಡೆ ತಿರುಗಿ, ಕಾಗದದ ಕರವಸ್ತ್ರದಲ್ಲಿ ಉಗುಳಿ ಬಾಗಿಲಿನ ಸಂದಿಗೆ ತುರುಕುತ್ತಿದ್ದೆ.

ಮಧ್ಯಾಹ್ನ ಒಂದು ಕಾಲುವೆಯ ಪಕ್ಕ ಗಾಡಿ ನಿಲ್ಲಿಸಿ, ಅದರ ಪುಟ್ಟ ಒಲೆಯ ಮೇಲೆ ಉಪ್ಪಿಟ್ಟು ಮಾಡಿದೆ. ಹೇಗಿದೆ ಎಂದು ಅಜ್ಜನನ್ನು ಕೇಳಿದೆ. ಅವರು ಇನ್ನೊಂದು ಚಮಚ ತಿಂದು ಯೋಚಿಸಿದರು.

"ಇಲ್ಲ, ನನಗಿದು ಸೇರಲಿಲ್ಲ. ಒದ್ದೆ ಮರಳಿನ ಹಾಗಿದೆ."

ನನ್ನವರು ನಗು ತಡೆಯಲಾರದೆ ಗಾಡಿಯ ಹಿಂದಕ್ಕೆ ಹೋದರು. ನನ್ನ ಮುಖ ಸಣ್ಣಗಾಗಿದ್ದನ್ನು ನೋಡಿ ಅಜ್ಜನಿಗೆ ನಿಜವಾಗಿಯೂ ಆಶ್ಚರ್ಯ. "ನೀನು ಕೇಳಿದೆಯಲ್ಲ?" ಅಂದರು. ಆಮೇಲೆ ಕಸ ಒಟ್ಟುಮಾಡಲು ಬಾಗಿಲ ಸಂದಿಗೆ ಕೈ ಹಾಕಿದರು. ಕರವಸ್ತ್ರದ ಉಂಡೆಗಳು ಒಂದೊಂದಾಗಿ ಹೊರಬಂದವು. ಬಿಡಿಸಿ ನೋಡಿದರು.

"ಎಲ್ಲವೂ ಲೆಕ್ಕರ್?" ಎಂದು ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಆಗ ಅದು ಬರೀ ತಮಾಷೆಯಾಗಿತ್ತು.

ಮರುದಿನ ಬೆಳಿಗ್ಗೆ ಮರಳಿಗೆ ಇಳಿದೆವು. ಪೈನ್ ಕಾಡಿನ ನಡುವೆ ದಿಬ್ಬ ದಿಬ್ಬವಾಗಿ ಬಿದ್ದುಕೊಂಡ ಮರಳು. "ನಮ್ಮ ಸಹಾರಾ," ಎಂದು ಅಜ್ಜ ಕೈ ಚಾಚಿ ತೋರಿಸಿದರು.

"ಇದ್ಯಾವ ಸಹಾರಾ, ತಲಕಾಡಲ್ಲೇ ಇದಕ್ಕಿಂತ ಜಾಸ್ತಿ ಮರಳಿದೆ," ಎಂದು ನನ್ನವರು ಗೊಣಗಿ ಕಾಫಿ ಮಾಡಲು ಗಾಡಿಗೆ ಹಿಂತಿರುಗಿದರು.

ಅಜ್ಜ ಮಡಚುವ ಸ್ಟೂಲಿನ ಮೇಲೆ ದುರ್ಬೀನು ಹಿಡಿದು ಕೂತರು. ನಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತೆ. ಗಾಳಿ. ದೂರದಲ್ಲಿ ಕೋಗಿಲೆಯಂಥದ್ದು ಒಂದು. ಅದು ಅವರಿಗೂ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನಿಲ್ಲ. ಬಿಸಿಲೇರಿತು. ಆಗ, ಒಣಗಿದ ಮರವೊಂದರ ಆಚೆ, ಮೇಲೆ ಎಲ್ಲೋ... ಚಿರ್-ಲೀ. ಸ್ವಲ್ಪ ಬಿಟ್ಟು ಮತ್ತೆ, ಚಿರ್-ಲೀ. ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ, ಗಾಳಿಯಲ್ಲಿ ತೂಗುತ್ತ.

"ಇದೆ!" ಎಂದು ಅವರ ತೋಳು ಹಿಡಿದೆ. "ಅಲ್ಲಿ, ಆ ಮರದ ಮೇಲುಗಡೆ."

ಅಜ್ಜ ದುರ್ಬೀನು ಎತ್ತಿ ಹುಡುಕಿದರು. ಮರಳಿನ ಮೇಲೆ ಬಿಸಿಗಾಳಿ ನಡುಗುತ್ತಿತ್ತು, ಏನೂ ಕಾಣಲಿಲ್ಲ. ದನಿಯೂ ನಿಂತಿತ್ತು. ಅವರು ದುರ್ಬೀನು ಇಳಿಸಿ ನನ್ನ ಮುಖವನ್ನು ನೋಡಿದರು, ಕ್ಯಾಸೆಟ್ ಹಾಕಿದಾಗ ನೋಡುತ್ತಿದ್ದ ಹಾಗೆ.

"ಲೆಕ್ಕರ್?" ಎಂದು ಮೆಲ್ಲಗೆ ಕೇಳಿದರು.

ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

"ಇಲ್ಲ ಅಜ್ಜಾ, ನಿಜವಾಗಿ. ಎರಡು ಸಲ ಕೇಳಿಸಿತು." ಅಜ್ಜ ಅಂದರೆ ಏನೆಂದು ಅವರಿಗೆ ಹೇಳಿಕೊಟ್ಟಿದ್ದೆ.

ಅವರು ನನ್ನ ಕೈ ತಟ್ಟಿದರು. "ನೀನು ಒಳ್ಳೆಯ ಹುಡುಗಿ. ನನ್ನ ಹೆಂಡತಿ ಅಷ್ಟು ಒಳ್ಳೆಯವಳಾಗಿರಲಿಲ್ಲ. ಕೇಳಿಸದಿದ್ದರೆ ಇಲ್ಲ ಅಂತಿದ್ದಳು, ನನಗೆ ಅಳು ಬಂದರೂ."

ಮತ್ತೆ ಹೇಳಿದೆ. ಇನ್ನೂ ಒಂದು ಸಲ ಹೇಳಿದೆ. ಹೇಳಿದಷ್ಟೂ ನನ್ನ ದನಿಯೇ ನನಗೆ ಸುಳ್ಳಿನಂತೆ ಕೇಳತೊಡಗಿತು. ನನ್ನವರು ಕಾಫಿ ತಂದರು. ಅಜ್ಜ ಅರ್ಧ ಕುಡಿದು, ಉಳಿದದ್ದನ್ನು ಮರಳಿಗೆ ಚೆಲ್ಲಿ, ಸ್ಟೂಲು ಮಡಚಿದರು.

ಕ್ಯಾಂಪರ್ ಬೇಸಿಗೆಯಲ್ಲೇ ಮಾರಾಟವಾಯಿತು. ಅಜ್ಜ ಮುಂದಿನ ಚಳಿಗಾಲ ದಾಟಲಿಲ್ಲ. ಆಗ ನಾನು ಹೆರಿಗೆಗೆಂದು ಮೈಸೂರಿನಲ್ಲಿದ್ದೆ. ಮಗಳನ್ನೆತ್ತಿಕೊಂಡು ವಾಪಸು ಬಂದಾಗ ಕೆಳಗಿನ ಕಿಟಕಿಗೆ ಬೇರೆ ಯಾರದೋ ಪರದೆ. ಮರಳಿನ ಆ ಹಕ್ಕಿ ಈಗ ಈ ದೇಶದಲ್ಲಿ ಎಲ್ಲೂ ಗೂಡು ಕಟ್ಟುವುದಿಲ್ಲವಂತೆ. ಆದರೆ ಆ ದಿನ ಅಲ್ಲಿ ಇತ್ತು. ಇಲ್ಲವೆಂದೇ ತಿಳಿದು ಅವರು ಹೋದರು...

ನನ್ನ ಸರದಿ ಬಂತು. ಅಂಗಡಿಯ ಒಳಗಿನ ಕೋಣೆಯಲ್ಲಿ ಪರೀಕ್ಷೆ ಮಾಡುವ ಹುಡುಗಿ ನನ್ನ ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. "ಕೇಳಿಸಿದರೆ ಮಾತ್ರ ಒತ್ತಿ, ಮೇಡಂ. ನನ್ನನ್ನು ಖುಷಿಪಡಿಸೋಕೆ ಒತ್ತಬೇಡಿ, ತುಂಬ ಜನ ಹಾಗೆ ಮಾಡ್ತಾರೆ." ಕೇಳಿಸಿದ್ದಕ್ಕಷ್ಟೇ ಒತ್ತಿದೆ. ಕೊನೆಯಲ್ಲಿ ಬಹಳ ಹೊತ್ತು ಒತ್ತಲಿಲ್ಲ. ಎತ್ತರದ ದನಿಗಳೆಲ್ಲ ಹೋಗಿವೆ ಎಂದಳು. ಬರುವಾಗ ಬಟ್ಟಲಿನಿಂದ ಒಂದು ಡ್ರಾಪ್ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಈಗಲೂ ಸೇರಲಿಲ್ಲ. ಪೂರ್ತಿ ತಿಂದೆ.

ಸಂಜೆ ನನ್ನವರು ಬಾಲ್ಕನಿಯಲ್ಲಿ ಕೂತಿದ್ದರು. ಎದುರಿಗೆ ಅದೇ ಪೈನ್ ಮರ. ಅವರು ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಟೀವಿ ನನಗಿಂತ ಜೋರಾಗಿ ಇಟ್ಟುಕೊಳ್ಳುತ್ತಾರೆ.

"ರೀ, ಆ ಸಣ್ಣ ಹಕ್ಕಿ ಕೂಗ್ತಿದೆಯಾ?" ಎಂದು ಕೇಳಿದೆ.

ಅವರು ಮರದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹೂಂ ಕಣೇ. ಚೆನ್ನಾಗಿ ಕೂಗ್ತಿದೆ."

ನಾನು ಅವರ ಮುಖವನ್ನೇ ನೋಡುತ್ತ ನಿಂತೆ.