ಚರಗದ ಕಡುಬು

ಶಕುಂತಲಾಬಾಯಿಗೆ ಹಾವು ಕಂಡರೆ ಹೆದರಿಕೆಯಿಲ್ಲ, ಚೇಳನ್ನು ಚಪ್ಪಲಿಯಲ್ಲೇ ಅಪ್ಪಚ್ಚಿ ಮಾಡುವವಳು. ಅಂಥವಳು ಈ ಚಳಿಗಾಲದಲ್ಲಿ ಒಂದು ಬಿಳಿ ಇಲಿ ಮುದುಡಿ ಕೂತದ್ದನ್ನು ಕಂಡು ನಡುಗಿಬಿಟ್ಟಳು.

ಆರು ವರ್ಷದಿಂದ ಅವಳು ಬಸವಕಲ್ಯಾಣದಲ್ಲಿ ಬೆಳಗಿನ ಬಸ್ಸು ಹತ್ತಿ, ಹುಮನಾಬಾದಿನ ಹೊರಗಿರುವ ಒಂದು ಸಂಶೋಧನಾ ಕೇಂದ್ರಕ್ಕೆ ಹೋಗಿ ಇಲಿಗಳ ಪಂಜರ ತೊಳೆಯುತ್ತಿದ್ದಳು. ಹಸಿರು ಚೀಟಿಯ ಪಂಜರಗಳಲ್ಲಿ ಇರುವವು ಸಾಧಾರಣ ಇಲಿಗಳು. ಕೆಂಪು ಚೀಟಿಯ ಇಲಿಗಳಲ್ಲಿ ಹುಟ್ಟಿನಿಂದಲೇ ಒಂದು ಜೀನ್ ಇಲ್ಲ. ಆ ಜೀನ್ ಅಪ್ಪಣೆ ಕೊಡದೆ ರಕ್ತದ ಬಿ ಕೋಶಗಳು ಬೆಳೆಯುವುದಿಲ್ಲ. ಅವಿಲ್ಲದೆ ರೋಗವನ್ನು ಎದುರಿಸುವ ಪ್ರತಿಕಾಯಗಳೂ ಹುಟ್ಟುವುದಿಲ್ಲ. ಇದೇ ಕೊರತೆಯಿಂದ ಹುಟ್ಟುವ ಕೂಸುಗಳಿಗೆ ಮದ್ದು ಹುಡುಕಲೆಂದೇ ಈ ತಳಿಯನ್ನು ಸಾಕಿದ್ದರು. ಎರಡು ಪಂಜರದಲ್ಲಿ ಉಳಿದಿದ್ದವು ಹನ್ನೊಂದೇ.

ವಿಜ್ಞಾನಿ ಶೀತಲ್ ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು: "ಬಾಯಿ, ಇವು ಸಿಪಾಯಿ ಇಲ್ಲದ ಕೋಟಿ ಇದ್ದಂಗ. ಹೊರಗಿನ ಒಂದ ಕಾಳ ಸೈತ ಒಳಗ ತರಬ್ಯಾಡ್ರಿ."

ಇಷ್ಟು ಗೊತ್ತಿದ್ದೂ ಎಳ್ಳ ಅಮಾವಾಸ್ಯೆ ಅವಳ ಬುದ್ಧಿ ಕೆಡಿಸಿತು. ಬೇಮಳಖೇಡದ ತಮ್ಮನ ಹೊಲದಲ್ಲಿ ಎಲ್ಲರೊಂದಿಗೆ ಹಬ್ಬದ ಅಡುಗೆಯನ್ನು ಬೆಳೆಯ ಮೇಲೆ ಎರಚಿ ಚರಗ ಚೆಲ್ಲಿದ್ದಳು. ಅಂದು ಇರುವೆ, ಹಕ್ಕಿ, ಹುಳಕ್ಕೂ ಊಟದಲ್ಲಿ ಪಾಲುಂಟು. ಹೊಲದ ಇಲಿಗೂ ಪಾಲು, ನಾನು ಸಾಕಿದವಕ್ಕೆ ಬರೀ ಒಣ ಮೇವಿನ ಗುಳಿಗೆಯೇ ಎಂದು ಅವಳ ಕರುಳು ಚುರುಕ್ಕೆಂದಿತು. ಮರುದಿನ ಉಳಿದ ಕಡುಬಿನ ಚೂರನ್ನು ಕೈಗವಸಿನೊಳಗೆ ಬಚ್ಚಿಟ್ಟು ಒಯ್ದು, ಎರಡೂ ಕೆಂಪು ಪಂಜರಕ್ಕೂ ಒಂದು ಹಸಿರು ಪಂಜರಕ್ಕೂ ಉದುರಿಸಿದಳು. ಹೊಲದಲ್ಲಿ ಕಡುಬಿನ ಬುಟ್ಟಿ ಇಟ್ಟ ಜಾಗದ ಪಕ್ಕದಲ್ಲೇ ಹೆಗ್ಗಣದ ಬಿಲವಿದ್ದದ್ದು ಆಮೇಲೆ ನೆನಪಾಯಿತು.

ನಾಲ್ಕನೇ ದಿನ ಮೂರೂ ಪಂಜರದ ಇಲಿಗಳು ಮುದುಡಿದವು. ಹಸಿರು ಚೀಟಿಯವು ಮರುದಿನವೇ ಎದ್ದು ಓಡಾಡಿದವು. ಅವು ಮುದುಡಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಕೆಂಪು ಚೀಟಿಯವು ಏಳಲಿಲ್ಲ. ಎಂಟನೇ ದಿನದ ಹೊತ್ತಿಗೆ ಐದು ಸತ್ತವು. ಮೇಡಂ ಸುಮ್ಮನೆ ಕತ್ತೆತ್ತಿ ನೋಡಿದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವಳು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಉಳಿದ ಆರೂ ಹೋಗುತ್ತವೆ.

ಹತ್ತನೇ ದಿನ ತಪ್ಪು ಮುಜಾಫರನ ತಲೆಗೆ ಬಂತು. ಪಂಜರಕ್ಕೆ ಹಾಸುವ ಹೊಟ್ಟು ತರುವವನು ಅವನೇ. ಹೊಟ್ಟಿನಿಂದಲೇ ರೋಗ ಬಂದಿದೆ, ನಾಳೆಯಿಂದ ಬರಬೇಡ ಎಂದು ಕೇಂದ್ರದವರು ಹೇಳಿಬಿಟ್ಟರು. ಅವನು ಬಾಗಿಲಲ್ಲಿ ಟೋಪಿ ಹಿಂಡುತ್ತಾ, "ಅಕ್ಕಾ, ನೀವರ ಹೇಳ್ರಿ. ನಾ ಚೀಲ ಬಿಸಲಾಗ ಒಣಗಿಸದ ಯಾವತ್ತರ ತಂದೀನೇನ್ರಿ?" ಎಂದ.

ಅವನ ಮುಖ ನೋಡಲಾಗಲಿಲ್ಲ. ಅವಳು ನೇರ ಮೇಡಂ ಕೋಣೆಗೆ ಹೋದಳು.

"ಅವಂದ ತಪ್ಪ ಇಲ್ರಿ, ಮೇಡಂ. ಚರಗದ ಕಡುಬ ನಾನೇ ಹಾಕೀನ್ರಿ."

ಶೀತಲ್ ಪಂಜರಗಳ ದಾಖಲೆ ಪುಸ್ತಕ ತೆರೆದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಯಾವ ಯಾವ ಪಂಜರಕ್ಕ?" ಎಂದರು.

ಹಸಿರು ಪಂಜರದವು ಮುದುಡಿ ಮರುದಿನ ಎದ್ದ ಮಾತು ಬಂದದ್ದೇ ಮೇಡಂ ಎದ್ದು ನಿಂತರು. "ಅವು ಜಡ್ಡಾಗಿ ಎದ್ದಾವಂದ್ರ ಅವುಗಳ ರಕ್ತದಾಗ ಇದೇ ರೋಗದ ಪ್ರತಿಕಾಯ ತಯಾರಾಗ್ಯಾವ! ಅದನ್ನ ಕೆಂಪ ಚೀಟಿಯವಕ್ಕ ಕೊಟ್ಟ ನೋಡಬಹುದಿತ್ತಲ್ಲ. ನಾಕ ದಿನ ಮೊದಲ ಯಾಕ ಹೇಳಲಿಲ್ಲ ಬಾಯಿ?"

ಅವಳಿಗೆ ಹೆದರಿದ್ದೆ ಎಂದು ಹೇಳುವುದಕ್ಕೂ ಹೆದರಿಕೆ.

ಅಂದೇ ಹಸಿರು ಪಂಜರದ ಇಲಿಗಳ ರಕ್ತದ ತಿಳಿ ತೆಗೆದು ಕೆಂಪು ಚೀಟಿಯವಕ್ಕೆ ಸೂಜಿ ಚುಚ್ಚಿದರು. ಆರರಲ್ಲಿ ನಾಲ್ಕು ಬದುಕಿದವು. ಮುಜಾಫರ್ ಮತ್ತೆ ಹೊಟ್ಟಿನ ಚೀಲ ಹೊತ್ತು ಬಂದ. ಶಕುಂತಲಾಬಾಯಿಗೆ ಈಗ ಕೇಂದ್ರದ ಪಡಸಾಲೆ ಗುಡಿಸುವ ಕೆಲಸ. ಇಲಿಗಳ ಕೋಣೆಯೊಳಗೆ ಕಾಲಿಡುವಂತಿಲ್ಲ. ದಿನಾ ಗಾಜಿನಾಚೆ ನಿಂತು ನಾಲ್ಕನ್ನೂ ಎಣಿಸುತ್ತಾಳೆ. ಅವಳನ್ನು ಕಂಡರೆ ಒಂದು ಇಲಿ ಹಳೇ ರೂಢಿಯಿಂದ ಸರಳು ಹಿಡಿದು ಎದ್ದು ನಿಂತು ಮೂಗಾಡಿಸುತ್ತದೆ. ಆಗ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಳ್ಳುತ್ತಾಳೆ.