ಎಂಬತ್ತು ಕಿಲೋ ಎಲ್ಲಿ ಹೋಯಿತು

ನನ್ನ ಅಕ್ಕ ಇಪ್ಪತ್ತೆರಡು ವರ್ಷಗಳಿಂದ ಲಾರಿ ತೂಗುತ್ತಿದ್ದಾಳೆ. ಹೆದ್ದಾರಿ ಪಕ್ಕದ ವೇಬ್ರಿಡ್ಜ್‌ನಲ್ಲಿ ಒಂದು ಕೋಣೆ, ಕೋಣೆಗೊಂದು ಜಾರುವ ಕಿಟಕಿ, ಕಿಟಕಿಯ ಹಿಂದೆ ಅವಳು. ಡ್ರೈವರುಗಳಿಗೆಲ್ಲ ಅವಳು ತೂಕದಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅಂತಲೇ ಕರೆಯುತ್ತಾರೆ. ಬೇರೆ ಹೆಸರು ಹಿಡಿದು ಕರೆಯುವ ಗಂಡಸು ಇನ್ನೂ ಸ್ಟೇರಿಂಗ್ ಹಿಡಿದಿಲ್ಲ.

ಆ ಕುರ್ಚಿ ಮೊದಲು ಭಾವನದು. ಭಾವನಿಗೆ ಕಣ್ಣು ಮಂಜಾಗಿ ಅಂಕಿ ಕಾಣದಾದಾಗ, ಊಟದ ಡಬ್ಬಿ ತಂದ ಅಕ್ಕ ಹಾಗೇ ಪಕ್ಕದಲ್ಲಿ ಕೂತು ಓದಿ ಹೇಳತೊಡಗಿದಳು. ಆರು ತಿಂಗಳಲ್ಲಿ ಮಾಲೀಕರಿಗೆ ಅರ್ಥವಾಯಿತು, ನಿಜವಾಗಿ ಕೆಲಸ ಮಾಡುತ್ತಿರುವುದು ಯಾರು ಎಂದು. ಭಾವ ಮನೆಯ ಅಡುಗೆ ವಹಿಸಿಕೊಂಡರು, ಅಕ್ಕ ಕುರ್ಚಿ ವಹಿಸಿಕೊಂಡಳು. ಎರಡೂ ಕಡೆ ಸುಧಾರಿಸಿತು ಎಂದು ಭಾವನೇ ಹೇಳುತ್ತಾರೆ.

ಕೆಲಸ ಕೇಳಿದರೆ ಸುಲಭ. ಖಾಲಿ ಲಾರಿಯನ್ನು ತೂಗಬೇಕು, ಅದು ಖಾಲಿ ತೂಕ. ಲೋಡ್ ಹಾಕಿಕೊಂಡು ಬಂದಾಗ ಮತ್ತೆ ತೂಗಬೇಕು, ಅದು ಒಟ್ಟು ತೂಕ. ಇದರಲ್ಲಿ ಅದನ್ನು ಕಳೆದರೆ ಉಳಿಯುವುದು ಮಾಲಿನ ತೂಕ. ಚೀಟಿಯಲ್ಲಿ ಅದಕ್ಕೆ ನಿವ್ವಳ ಎಂದು ಅಚ್ಚಾಗಿರುತ್ತದೆ. ಇದನ್ನು ಮಕ್ಕಳೂ ಮಾಡುತ್ತಾರೆ ಎಂದು ನಾನೊಮ್ಮೆ ಅಂದೆ.

"ಮಕ್ಕಳು ಮಾಡ್ತಾರೆ ಕಣೋ, ನಿಮ್ಮಂಥ ಡ್ರೈವರ್‌ಗಳು ಬಿಡಬೇಕಲ್ಲ" ಅಂದಳು.

ಬೆಳಿಗ್ಗೆ ಬಂದವಳೇ ಪೊರಕೆ ಹಿಡಿದು ಲಾರಿ ಹತ್ತಿ ನಿಲ್ಲುವ ಕಬ್ಬಿಣದ ಹಾಸನ್ನು ಗುಡಿಸುತ್ತಾಳೆ. ಹಾಸಿಗೂ ಸುತ್ತಲಿನ ಕಾಂಕ್ರೀಟ್ ಅಂಚಿಗೂ ನಡುವೆ ಸಿಕ್ಕಿಕೊಂಡ ಜಲ್ಲಿಕಲ್ಲನ್ನು ಹಳೆಯ ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆಯುತ್ತಾಳೆ. ಕಲ್ಲು ಸಿಕ್ಕಿದ್ದರೆ ಹಾಸು ಪೂರ್ತಿ ಕೆಳಗಿಳಿಯುವುದಿಲ್ಲ, ತೂಕ ಸುಳ್ಳಾಡುತ್ತದೆ. ಅಂಕಿ ಸೊನ್ನೆಗೆ ಬಂದು ನಿಂತ ಮೇಲೆಯೇ ಅವಳ ಚಹಾ. ದಿನವೂ ಬರುವ ಲಾರಿಗಳ ಖಾಲಿ ತೂಕವೆಲ್ಲ ಅವಳಿಗೆ ಬಾಯಿಪಾಠ. "ನಿನ್ ಸ್ಟೆಪ್ನಿ ಎಲ್ಲೋ?" ಎಂದು ಕಿಟಕಿಯಿಂದಲೇ ಕೇಳುತ್ತಾಳೆ, ಹೆಚ್ಚುವರಿ ಟೈರನ್ನು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಬಂದವನು ಬಾಯಿ ಬಿಟ್ಟು ನಿಲ್ಲುತ್ತಾನೆ. ಅವಳದೊಂದು ಕಾನೂನಿದೆ: ಖಾಲಿ ತೂಗುವಾಗ ಕ್ಯಾಬಿನ್ನಿನಲ್ಲಿ ಯಾರು ಕೂತಿದ್ದರೋ, ಲೋಡ್ ತೂಗುವಾಗಲೂ ಅವರೇ ಕೂತಿರಬೇಕು. ಇಳಿಯುವುದಾದರೆ ಎರಡು ಸಲವೂ ಇಳಿಯಬೇಕು.

ಇಂಥವಳ ಕುರ್ಚಿಗೇ ಕುತ್ತು ಬಂತು, ಅದೂ ನನ್ನಿಂದ.

ಆಗ ನಾನು ಹಳೆಯ ತಾಮ್ರದ ತಂತಿಯನ್ನು ಒಂದು ಕರಗಿಸುವ ಕಾರ್ಖಾನೆಗೆ ಸಾಗಿಸುತ್ತಿದ್ದೆ. ಎರಡು ಗಂಟೆಯ ದಾರಿ. ಇಲ್ಲಿ ಅಕ್ಕ ತೂಗಿ ಚೀಟಿ ಕೊಡುತ್ತಿದ್ದಳು, ಅಲ್ಲಿ ಅವರು ತಮ್ಮ ವೇಬ್ರಿಡ್ಜ್‌ನಲ್ಲಿ ಇನ್ನೊಮ್ಮೆ ತೂಗುತ್ತಿದ್ದರು. ಮೂರು ಲೋಡ್ ಮುಗಿಯುವಷ್ಟರಲ್ಲಿ ಅಲ್ಲಿನ ಮ್ಯಾನೇಜರು ನಮ್ಮ ವೇಬ್ರಿಡ್ಜ್ ಮಾಲೀಕರಿಗೆ ಫೋನ್ ಮಾಡಿದರು. ಮೂರಕ್ಕೆ ಮೂರರಲ್ಲೂ ಮಾಲು ಕಡಿಮೆ. ಬೇರೆ ಲಾರಿಗಳದು ಸರಿಯಿದೆ, ಇವನೊಬ್ಬನದೇ ಹೀಗೆ. ತಮ್ಮನಾದವನು ದಾರಿಯಲ್ಲಿ ಇಳಿಸುತ್ತಾನೆ, ಅಕ್ಕ ಚೀಟಿಯಲ್ಲಿ ಏರಿಸುತ್ತಾಳೆ ಎಂದರಂತೆ.

ಮಾಲೀಕರು ಕಿಟಕಿಯ ಹತ್ತಿರ ಬಂದು, ಅಕ್ಕನ ಮುಖ ನೋಡದೆ ಹೇಳಿದರು. "ಗುರುವಾರದ ಲೋಡೂ ಕಡಿಮೆ ಬಂದ್ರೆ ಇಲ್ಲಿಗೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ, ಅಮ್ಮಾ."

"ಕೂರಿಸಿ" ಅಂದಳು ಅಕ್ಕ. "ಕಡಿಮೆ ಬಂದ್ರೆ."

ಸುದ್ದಿ ತಿಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಲಾರಿ ತಿರುಗಿಸಿ ಆ ಮ್ಯಾನೇಜರನ ಕೊರಳಪಟ್ಟಿ ಹಿಡಿಯುವುದೆಂದು ಹೊರಟವನೇ ಚೀಟಿ ಕೇಳಲು ಅಕ್ಕನ ಕೋಣೆಗೆ ನುಗ್ಗಿದೆ. ಅವಳು ಕಾರ್ಖಾನೆಯ ಮೂರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಳು.

"ಕೂತ್ಕೋ."

"ಕೂರೋಕೆ ಟೈಮಿಲ್ಲ. ನನ್ನನ್ನ ಕಳ್ಳ ಅಂದಿದಾನೆ."

"ಎಷ್ಟು ಕದ್ದೆ ಅಂದ?"

"ಎಂಬತ್ತು ಕಿಲೋ."

"ಎರಡನೇ ಸಲ?"

"ಎಂಬತ್ತು."

"ಮೂರನೇದು?"

ನಾನು ಚೀಟಿ ನೋಡಿದೆ. ಅದೂ ಎಂಬತ್ತೇ.

"ಕಳ್ಳ ಆದವ್ನು ಒಂದಿನ ಐವತ್ತು ಇಳಿಸ್ತಾನೆ, ಇನ್ನೊಂದಿನ ಇನ್ನೂರು ಇಳಿಸ್ತಾನೆ" ಅಂದಳು ಅಕ್ಕ. "ಪ್ರತಿಸಲ ಎಂಬತ್ತೇ ತೂಗಿ ಕದಿಯೋ ಶಿಸ್ತು ನಿನಗೆಲ್ಲಿಂದ ಬರ್ಬೇಕು? ಅಲ್ಲಿ ಗೇಟ್ ಹೊಕ್ಕಾಗಿಂದ ಏನೇನ್ಮಾಡ್ತೀಯ, ಒಂದೂ ಬಿಡದೆ ಹೇಳು."

ಹೇಳಿದೆ. ಗೇಟಿನಲ್ಲಿ ಒಬ್ಬ ಕಾವಲುಗಾರ, ಮೀಸೆಯವನು. ಕಾಗದ ಸರಿಯಿದ್ದರೂ ಕಾಯಿಸುತ್ತಾನೆ. ಲಾರಿ ಹಾಸಿನ ಮೇಲೆ ಹತ್ತಿದ ಮೇಲೂ ಏನಾದರೊಂದು ಕೊಂಕು ತೆಗೆಯುತ್ತಾನೆ. ನಾನು ಸುಮ್ಮನಿರುವ ಪೈಕಿಯವನಲ್ಲ.

"ಎಲ್ಲಿ ನಿಂತ್ಕೊಂಡು ಬೈತೀಯ?"

"ಕೆಳಗಿಳಿದು, ಅವನ ಮುಖದ ಮುಂದೇನೆ."

"ಅಷ್ಟೊತ್ತಿಗೆ ಲಾರಿ ಹಾಸಿನ ಮೇಲೇ ಇರುತ್ತೆ?"

"ಇನ್ನೆಲ್ಲಿರುತ್ತೆ? ಅಲ್ಲಿ ತೂಗೋನು ತಲೆ ಎತ್ತಲ್ಲ, ಅಂಕಿ ನಿಂತ್ರೆ ಗುಂಡಿ ಒತ್ತುತಾನೆ."

"ಖಾಲಿ ಮಾಡಿ ವಾಪಸ್ ತೂಗುವಾಗ?"

"ಸೀಟಲ್ಲೇ ಇರ್ತೀನಿ. ಮನೆಗೆ ಹೊರಟೋನು ಆ ಮೂತಿ ನೋಡೋಕೆ ಯಾಕೆ ಇಳೀಲಿ?"

ಅಕ್ಕ ಎದ್ದು ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬರಿದಾಗಿದ್ದ ಹಾಸಿನ ನಡುವೆ ನಿಲ್ಲಿಸಿದಳು. ಕೋಣೆಗೆ ಹಿಂದಿರುಗಿ ಕಿಟಕಿ ತೆರೆದಳು. ಐವತ್ತು ಟನ್ ತೂಗುವ ಹಾಸಿನ ಮೇಲೆ ನಾನೊಬ್ಬನೇ. ಗೋಡೆಯ ಕೆಂಪು ದೀಪದ ಅಂಕಿಗಳು ಸ್ವಲ್ಪ ಹೊಯ್ದಾಡಿ ನಿಂತವು. ಎಂಬತ್ತು.

"ಕಾಣೆಯಾದ ಮಾಲು ಸಿಕ್ತು" ಅಂದಳು.

ತಾಮ್ರ ಇಳಿದಿರಲಿಲ್ಲ, ಇಳಿದವನು ನಾನು. ಲೋಡ್ ತೂಗುವಾಗ ಕೆಳಗೆ, ಖಾಲಿ ತೂಗುವಾಗ ಮೇಲೆ. ಅಕ್ಕ ಎಷ್ಟು ವರ್ಷದಿಂದ ಹೇಳುತ್ತಿದ್ದ ಕಾನೂನೋ, ಅದನ್ನು ಅವಳ ತಮ್ಮನೇ ಮುರಿದಿದ್ದ. ಈಗಲೇ ಫೋನ್ ಮಾಡಿ ಹೇಳು ಎಂದೆ.

"ಬಾಯಲ್ಲಿ ಹೇಳಿದ್ರೆ ನೆಪ ಅಂತಾರೆ. ಚೀಟಿನೇ ಹೇಳ್ಲಿ. ಗುರುವಾರ ನಾನೂ ಬರ್ತೀನಿ."

ಗುರುವಾರ ಕುರ್ಚಿಯಲ್ಲಿ ಮಾಲೀಕರೇ ಕೂತರು. ನಾನು ಸೀಟಿನಲ್ಲಿ, ಅಕ್ಕ ಕೆಳಗೆ. ಒಟ್ಟು ತೂಕ ಇಪ್ಪತ್ತೈದು ಸಾವಿರದ ನಾನೂರ ಇಪ್ಪತ್ತು ಕಿಲೋ, ನಿವ್ವಳ ಹದಿನೈದು ಸಾವಿರದ ಏಳುನೂರ ಎಂಬತ್ತು. ಚೀಟಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ಅಕ್ಕ ಕ್ಯಾಬಿನ್ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತು. "ಆ ಮೀಸೆಯೋನು ಏನೇ ಅನ್ಲಿ, ಬಾಗಿಲು ತೆಗೀಬೇಡ. ಇವತ್ತು ನನ್ನ ಕುರ್ಚಿ ನಿನ್ನ ಕುಂಡೆ ಮೇಲೆ ನಿಂತಿದೆ."

ಕಾರ್ಖಾನೆಯ ಹಾಸು ಬರುವ ಮುಂಚೆಯೇ ಅವಳು ಇಳಿದು ತೂಕದ ಕಿಟಕಿಯ ಹತ್ತಿರ ನಿಂತಳು. ಮ್ಯಾನೇಜರೂ ಬಂದಿದ್ದರು. ನಾನು ಲಾರಿ ಹತ್ತಿಸಿ ಎಂಜಿನ್ ಆರಿಸಿದೆ. ಮೀಸೆಯವನು ಬಾಗಿಲ ಪಕ್ಕಕ್ಕೆ ಬಂದ.

"ಏನ್ ಸಾಹೇಬ್ರೇ, ಇವತ್ತು ದಾರೀಲಿ ಎಷ್ಟು ಇಳಿಸಿದ್ರಿ? ಅಕ್ಕಾವ್ರನ್ನೂ ಕರ್ಕೊಂಡು ಬಂದಿದೀರಿ, ಪಾಲು ಹಂಚೋಕಾ?"

ನನ್ನ ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಯಿತು. ಕಿಟಕಿಯ ಹತ್ತಿರ ಅಕ್ಕ ನನ್ನತ್ತ ನೋಡಲೇ ಇಲ್ಲ. ಅಂಕಿಗಳನ್ನೇ ನೋಡುತ್ತಿದ್ದಳು. ನೋಡಿದ್ದರೆ ನಾನು ಇಳಿಯುತ್ತಿದ್ದೆನೇನೋ. ಹಿಡಿ ಬಿಟ್ಟು ಎರಡೂ ಕೈಯಿಂದ ಸ್ಟೇರಿಂಗನ್ನು ಹಿಂಡಿದೆ. ಅವನು ಇನ್ನೂ ಏನೇನೋ ಅಂದ, ನಾನು ಗಾಜಿನ ಮೇಲಿನ ಒಂದು ಸತ್ತ ನೊಣವನ್ನು ನೋಡುತ್ತ ಕೂತೆ. ಅಷ್ಟು ಹೊತ್ತು ಯಾವ ನೊಣವನ್ನೂ ನಾನು ನೋಡಿದವನಲ್ಲ.

"ಇಪ್ಪತ್ತೈದು ಸಾವಿರದ ನಾನೂರು" ಅಂದ ತೂಗುವವನು.

"ನಂದಕ್ಕಿಂತ ಇಪ್ಪತ್ತು ಕಡಿಮೆ. ಅದು ದಾರೀಲಿ ಉರಿದ ಡೀಸೆಲ್ಲು, ಖಾಲಿ ತೂಗಿದಾಗ್ಲೂ ಅಷ್ಟೇ ಕಡಿಮೆ ಬರುತ್ತೆ" ಅಂದಳು ಅಕ್ಕ. ಆಮೇಲೆ ಕೂಗಿದಳು. "ಲೋ, ಈಗ ಇಳಿ."

ಇಳಿದೆ. ಅಂಕಿ ಎಂಬತ್ತು ಕೆಳಗೆ ಬಿತ್ತು. ಮ್ಯಾನೇಜರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಹತ್ತು ಅಂದಳು, ಹತ್ತಿದೆ. ಅಂಕಿಯೂ ಹತ್ತಿತು.

ಮಾಲು ಇಳಿಸಿ ಖಾಲಿ ತೂಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಈ ಸಲವೂ ನಾನು ಸೀಟಿನಲ್ಲೇ. ನಿವ್ವಳ ಹದಿನೈದು ಸಾವಿರದ ಏಳುನೂರ ಎಂಬತ್ತು ಎಂದು ಅಚ್ಚಾಗಿ ಬಂತು. ಅಕ್ಕ ಪರ್ಸಿನಿಂದ ತನ್ನ ಚೀಟಿ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಹಾಗಾದ್ರೆ ಆ ಮೂರು ಲೋಡಿಂದು?" ಎಂದರು ಮ್ಯಾನೇಜರು.

"ಮೂರೂ ಸಲದ್ದೂ ಅಲ್ಲೇ ಕೂತಿದೆ ನೋಡಿ, ಮೂತಿ ಊದಿಸ್ಕೊಂಡು" ಎಂದು ನನ್ನತ್ತ ಕೈ ತೋರಿಸಿದಳು. "ಸರ್, ನಮ್ಮ ಮಾಲೀಕ್ರಿಗೆ ಫೋನ್ ಮಾಡಿದ್ದು ನೀವೇ ಅಲ್ವಾ? ಇದನ್ನೂ ನೀವೇ ಹೇಳಿ. ನಾನು ಕಾಯ್ತೀನಿ."

ಅವರು ಒಳಗೆ ಹೋಗಿ ಹೇಳುತ್ತೇನೆ ಎಂದರು. ಇಲ್ಲೇ ಆಗ್ಲಿ ಅಂದಳು. ಅಲ್ಲಿಯೇ ಆಯಿತು. ಮೀಸೆಯವನು ಗೇಟು ತೆರೆಯುವಾಗ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಅದು ನನಗೆ ಹದಿನೈದು ಟನ್ ಹೊತ್ತಷ್ಟು ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಪೊರಕೆ, ಸ್ಕ್ರೂಡ್ರೈವರು, ಸೊನ್ನೆ, ಚಹಾ. ಅಕ್ಕ ತನ್ನ ಕುರ್ಚಿಯಲ್ಲಿ. ನಾನು ಹಾಸಿನ ಮೇಲೆ ಲಾರಿ ನಿಲ್ಲಿಸಿದ್ದೆ, ಹಿಂದಿನವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಬಾಗಿಲು ಅರ್ಧ ತೆರೆದಿದ್ದೆ ಅಷ್ಟೇ, ಕಿಟಕಿ ಜಾರಿದ ಸದ್ದಾಯಿತು.

"ಲೋ ಎಂಬತ್ತು" ಅಂದಳು. "ಬಾಗ್ಲು ಹಾಕು."

ಹಾಕಿದೆ.